ಉಪ್ಪಾಗೆ ಸೆಮಿಸ್ಟರ್ ನೋಡಿ ಹಣ್ಣಾಗುವುದಿಲ್ಲ

ನಾನು ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರು. ಕೆಲವು ವರ್ಷಗಳಿಂದ ಹಳ್ಳಿಯ ಕೆಲಸಕ್ಕೆ ಉಪಯೋಗ ಆಗುವಂಥದ್ದು ಏನಾದರೂ ಮಾಡಬೇಕು, ಅದರಿಂದಲೇ ಬದುಕು ನಡೆಯಬೇಕು ಅನ್ನುವ ವಿದ್ಯಾರ್ಥಿಗಳ ಜೊತೆ ಓಡಾಡುತ್ತಿದ್ದೇನೆ. ಬೇರೆ ಕಾಲೇಜಿನವರು ಫೋನ್ ಮಾಡಿ "ಸರ್, ನಮ್ಮಲ್ಲೂ ಸಾಮಾಜಿಕ ಉದ್ಯಮಕ್ಕೆ ಒಂದು ಸೆಲ್ ಶುರು ಮಾಡ್ತಿದೀವಿ, ಏನು ಮಾಡ್ಬೇಕು?" ಅಂತ ಕೇಳುತ್ತಾರೆ. ಹೆಚ್ಚಿನವರ ತಲೆಯಲ್ಲಿ ಆಗಲೇ ಒಂದು ಐಡಿಯಾ ಸ್ಪರ್ಧೆ, ಒಂದು ಉದ್ಘಾಟನೆ, ಒಂದು ಬೋರ್ಡು ಇರುತ್ತದೆ. ನಾನು ಹೇಳುವುದು ಬೇರೆ. ಕಾಲೇಜು ತನ್ನ ಸುತ್ತಲಿನ ಒಂದು ಸಮಸ್ಯೆಯನ್ನು ಹಿಡಿದುಕೊಂಡು ಐದಾರು ವರ್ಷ ಬಿಡದೆ ಕೂರಬೇಕು. ಹುಡುಗರು ಬರುತ್ತಾರೆ, ಪಾಸಾಗಿ ಹೋಗುತ್ತಾರೆ. ಸಮಸ್ಯೆ ಕಾಲೇಜಿನದ್ದಾಗಿ ಉಳಿಯಬೇಕು.

ನಾವು ಹಿಡಿದದ್ದು ಉಪ್ಪಾಗೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ನಮ್ಮ ಘಟ್ಟದ ಕಾಡಿನ ಹುಳಿ ಹಣ್ಣು, ಮುರುಗಲಿನ ಜಾತಿಯೇ. ಸಿಪ್ಪೆ ಒಣಗಿಸಿ ಮಾರುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಸಿಪ್ಪೆಯ ಹುಳಿಯನ್ನು ತೂಕ ಇಳಿಸುವ ಮಾತ್ರೆಗಳಿಗೆ ಬಳಸಲು ಶುರು ಮಾಡಿದ ಮೇಲೆ ಹೊರದೇಶದಿಂದ ಬೇಡಿಕೆ ಬಂತು, ಕಾಯಿ ಇದ್ದಾಗಲೇ ಕೀಳುವ ಚಾಳಿಯೂ ಬಂತು. ತೊಂದರೆ ಏನೆಂದರೆ ಇದು ಸಿಗುವುದು ಸರಿಯಾಗಿ ಮಳೆಗಾಲದಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಜೂನ್, ಜುಲೈ ಮಳೆ ಗೊತ್ತಲ್ವಾ? ಆಗುಂಬೆಯಲ್ಲಂತೂ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಸುರಿಯುತ್ತದೆ. ಬಿಸಿಲೇ ಇಲ್ಲದಾಗ ಸಿಪ್ಪೆ ಒಣಗಿಸಲು ಇರುವ ದಾರಿ ಒಂದೇ: ತಟ್ಟಿಯ ಮೇಲೆ ಹರಡಿ ಕೆಳಗೆ ಬೆಂಕಿ ಹಾಕುವುದು. ಅದಕ್ಕೆ ಸೌದೆ ರಾಶಿಗಟ್ಟಲೆ ಬೇಕು, ಆ ಸೌದೆ ಕಾಡಿನಿಂದಲೇ ಬರಬೇಕು. ಹೊಗೆ ಕುಡಿಯುವವರು ಹೆಂಗಸರು.

ಇದಕ್ಕೊಂದು ಒಳ್ಳೆಯ ಡ್ರೈಯರ್ ಮಾಡುವುದು ಮೆಕ್ಯಾನಿಕಲ್ ಹುಡುಗರಿಗೆ ಹೇಳಿ ಮಾಡಿಸಿದ ಕೆಲಸ. ಆದರೆ ನಮ್ಮ ಪ್ರಾಜೆಕ್ಟ್ ಪ್ರದರ್ಶನ ಮೇ ತಿಂಗಳಲ್ಲಿ ಮುಗಿಯುತ್ತದೆ. ಉಪ್ಪಾಗೆ ಕೈಗೆ ಸಿಗುವ ಹೊತ್ತಿಗೆ ಡ್ರೈಯರ್ ಕಟ್ಟಿದವರು ಮಾರ್ಕ್ಸ್ ತಗೊಂಡು ಬೆಂಗಳೂರು ಬಸ್ ಹತ್ತಿರುತ್ತಾರೆ. ಅವರು ಪರೀಕ್ಷೆ ಮಾಡಿದ್ದೇನಿದ್ದರೂ ಬಾಳೆಕಾಯಿ ಮೇಲೋ ಆಲೂಗಡ್ಡೆ ಮೇಲೋ. ಅಂಥ ಯಂತ್ರಗಳು ಎಷ್ಟು ಕಾಲೇಜುಗಳ ವರ್ಕ್‌ಶಾಪ್ ಹಿಂದೆ ತುಕ್ಕು ಹಿಡಿಯುತ್ತಿವೆಯೋ! ಹುಡುಗರಲ್ಲಿ ಬುದ್ಧಿ ಇಲ್ಲ ಅಂತಲ್ಲ. ಕ್ಯಾಲೆಂಡರ್ ಅವರನ್ನು ಸೋಲಿಸುತ್ತದೆ.

ಹಾಗಾಗಿ ನಾವು ಮೊದಲು ಬದಲಿಸಿದ್ದು ಕ್ಯಾಲೆಂಡರನ್ನೇ. ಎರಡನೇ ವರ್ಷ ಮುಗಿದ ರಜೆಯ ಮಳೆಗಾಲದಲ್ಲಿ ತಂಡ ಉಪ್ಪಾಗೆ ಒಣಗಿಸುವ ಒಂದು ಊರಿಗೆ ಹೋಗುತ್ತದೆ. ಆಗ ಕಟ್ಟುವುದು ಏನೂ ಇಲ್ಲ. ಸಿಪ್ಪೆ ಸುಲಿಯುವುದು, ಬೆಂಕಿ ನೋಡಿಕೊಳ್ಳುವುದು, ಒದ್ದೆ ಸಿಪ್ಪೆ ಎಷ್ಟು, ಒಣಗಿದ್ದು ಎಷ್ಟು, ಉರಿದ ಸೌದೆ ಎಷ್ಟು ಅಂತ ತೂಗಿ ಬರೆಯುವುದು, ಅಷ್ಟೇ. ಮೂರನೇ ವರ್ಷ ವಿನ್ಯಾಸ, ಆ ವರ್ಷದ ಮಳೆಗೆ ಮಾದರಿ ಊರಲ್ಲಿರಬೇಕು. ನಾಲ್ಕನೇ ವರ್ಷದ ಪ್ರಾಜೆಕ್ಟ್ ಅಂದರೆ ಒಂದು ಮಳೆಗಾಲ ಕಂಡ ಯಂತ್ರವನ್ನು ಸರಿಮಾಡುವುದು. ಅಷ್ಟರಲ್ಲಿ ಕಿರಿಯರ ಇನ್ನೊಂದು ತಂಡ ಸೇರಿಕೊಂಡಿರುತ್ತದೆ.

ಇದಕ್ಕೆಲ್ಲ ಹೊಸ ನಿಯಮ ಬೇಕಾಗಲಿಲ್ಲ. ನಮ್ಮ ಕಾಲೇಜು ಸೇರಿರುವ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಡಿಗ್ರಿಗೆ ಮೊದಲ ವರ್ಷಕ್ಕೇ ಸೇರಿದವರು 100, ಡಿಪ್ಲೊಮಾ ಮುಗಿಸಿ ಬಂದವರು 75 ಆಕ್ಟಿವಿಟಿ ಪಾಯಿಂಟ್ (ಪಾಠದ ಆಚೆಯ ಸಮಾಜದ ಕೆಲಸಕ್ಕೆ ಸಿಗುವ ಅಂಕ) ಗಳಿಸಲೇಬೇಕು. ತುಂಬಾ ಕಡೆ ಇದು ಒಂದು ಗಿಡ ನೆಟ್ಟು ಫೋಟೊ ತೆಗೆದುಕೊಳ್ಳುವಲ್ಲಿಗೆ ಮುಗಿದುಹೋಗುತ್ತದೆ. ನಾವು ಆ ಮಳೆಗಾಲದ ಕೆಲಸವನ್ನೇ ಪಾಯಿಂಟ್‌ಗೆ ಲೆಕ್ಕ ಹಿಡಿದೆವು. ಎನ್‌ಎಸ್‌ಎಸ್ ಇರುವ ಕಾಲೇಜುಗಳಿಗೆ ಇನ್ನೂ ಸುಲಭ. ಅಲ್ಲಿ ವರ್ಷಕ್ಕೆ 120 ಗಂಟೆ ಸೇವೆ, ಏಳು ದಿನದ ಶಿಬಿರ ಮೊದಲಿನಿಂದಲೂ ಇದೆ. ಪ್ರತಿ ವರ್ಷ ಹೊಸ ಊರಲ್ಲಿ ಶಿಬಿರ ಹಾಕುವ ಬದಲು ಅದೇ ಊರಿಗೆ ಮತ್ತೆ ಮತ್ತೆ ಹೋಗಲಿ.

ಮೊದಲ ವಿನ್ಯಾಸದಲ್ಲಿ ಹುಡುಗರು ಫ್ಯಾನ್ ಹಾಕಿದ್ದರು. ಬಿಸಿಗಾಳಿ ಒಂದೇ ಸಮ ಹರಡಲಿ ಅಂತ. ಊರಿನ ಅಮ್ಮ ಒಬ್ಬರು ಚಿತ್ರ ನೋಡಿ ಕೇಳಿದರು, "ಚೆನ್ನಾಗಿದೆ ತಮ್ಮಾ, ಮಳೇಲಿ ಕರೆಂಟು ಯಾರು ಕೊಡ್ತಾರೆ?" ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕರೆಂಟಿಲ್ಲದ ಊರು ಅದು. ಫ್ಯಾನ್ ಹೋಯಿತು. ಚಿಮಣಿ ಎತ್ತರಿಸಿ, ಬಿಸಿ ಗಾಳಿ ತಾನಾಗಿಯೇ ಮೇಲೇಳುವ ಹಾಗೆ ಮಾಡಿದರು. ಹೊಗೆ ಕೊಳವೆಯೊಳಗೇ ಹರಿದು ಹೊರಗೆ ಹೋಗುತ್ತದೆ, ಸಿಪ್ಪೆಗೆ ತಗಲುವುದು ಕೊಳವೆಯ ಬಿಸಿ ಮಾತ್ರ. ಸೌದೆ ಉಳಿಯಿತು, ಕಣ್ಣುರಿ ಹೋಯಿತು. ಕೆಳಗಿನ ತಟ್ಟೆ ಬೇಗ ಒಣಗಿ ಮೇಲಿನದ್ದು ಹಸಿ ಉಳಿಯುತ್ತದೆ, ಮಧ್ಯೆ ಅದಲು ಬದಲು ಮಾಡಬೇಕು. ಆ ತೊಂದರೆ ಈಗಲೂ ಇದೆ, ಒಂದು ತಂಡ ಅದರ ಮೇಲೇ ಕೂತಿದೆ.

ಇಂಥ ಕೆಲಸ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಅಸ್ತ್ರ ಅನ್ನುವ ವಿಭಾಗ ಶುರು ಮಾಡಿದರು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ. ಸೌದೆ, ಹೊಗೆ ಎರಡನ್ನೂ ಕಡಿಮೆ ಮಾಡಲು ನಮ್ಮ ಅಡುಗೆಮನೆಗಳಿಗೆ ಬಂದ ಅಸ್ತ್ರ ಒಲೆ ಅಲ್ಲಿಯದೇ. ಅಷ್ಟು ದೊಡ್ಡ ಸಂಸ್ಥೆ ಒಂದು ಒಲೆಗಾಗಿ ಕೂತು ಕೆಲಸ ಮಾಡಿತು ಅನ್ನುವುದನ್ನು ನಾನು ಪ್ರತಿ ವರ್ಷ ಹೊಸ ತಂಡಕ್ಕೆ ಹೇಳುತ್ತೇನೆ.

ದುಡ್ಡಿನ ವಿಷಯ. ದೊಡ್ಡ ಅನುದಾನ ಹುಡುಕುವ ಮೊದಲು ಚಿಕ್ಕ ನಗದಿನ ವ್ಯವಸ್ಥೆ ಮಾಡಿಕೊಳ್ಳಿ, ನಿಜವಾಗಿ ಕೆಲಸ ನಿಲ್ಲುವುದು ಅಲ್ಲೇ. ಊರಿನ ವೆಲ್ಡಿಂಗ್ ಅಂಗಡಿಯವನು ಜಿಎಸ್‌ಟಿ ಬಿಲ್ ಕೊಡುವುದಿಲ್ಲ, ಕಾಲೇಜು ಕೇಳುವ ಮೂರು ಕೊಟೇಶನ್ ಎಲ್ಲಿಂದ ತರುವುದು? ನಮ್ಮ ಪ್ರಾಂಶುಪಾಲರು ಒಂದು ಸಣ್ಣ ಮುಂಗಡ ಕೊಟ್ಟರು, ಕೈಬರಹದ ರಸೀದಿಗೆ ಊರಿನ ಇಬ್ಬರ ಸಹಿ ಇದ್ದರೆ ಸಾಕು ಅಂದರು. ಆ ಒಂದು ಸಹಾಯದಿಂದ ಆದಷ್ಟು ಕೆಲಸ ಇನ್ನಾವುದರಿಂದಲೂ ಆಗಲಿಲ್ಲ. ನಮ್ಮ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಸಂಜೆ ಬೀಗ ಹಾಕದೆ ಕಾದರಲ್ಲ, ಅದನ್ನೂ ಹೇಳಲೇಬೇಕು. ಅಂಥವರಿಗೆ ಆ ಹೊತ್ತಿಗೆ ಓಟಿ ಕೊಡಿ, ವರದಿಯಲ್ಲಿ ಅವರ ಹೆಸರು ಹಾಕಿ.

ಆಮೇಲೆ ಅನುದಾನ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ (ಕೆಎಸ್‌ಸಿಎಸ್‌ಟಿ) ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ ಹಳೆಯದು, ಅರ್ಜಿ ಸುಲಭ. ಬೆಂಗಳೂರಿನ ಆಚೆಯ ಕಾಲೇಜುಗಳಿಗೆ ಅಂತಲೇ ರಾಜ್ಯ ಸರ್ಕಾರ ತಂದ ನೈನ್ (ನ್ಯೂ ಏಜ್ ಇನ್ನೊವೇಶನ್ ನೆಟ್‌ವರ್ಕ್) ಯೋಜನೆಯ ಬಗ್ಗೆಯೂ ವಿಚಾರಿಸಿ. ಇವೆಲ್ಲಕ್ಕಿಂತ ಮೊದಲು ನಿಮ್ಮ ಆಡಳಿತ ಮಂಡಳಿಯ ಮುಂದೆ ಇಡಬೇಕಾದ್ದು ಕೇಂದ್ರ ಶಿಕ್ಷಣ ಸಚಿವಾಲಯದ 2019ರ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟಪ್ ನೀತಿ. ಸಂಸ್ಥೆಯ ವಾರ್ಷಿಕ ಬಜೆಟ್‌ನಲ್ಲಿ ಕನಿಷ್ಠ 1 ಶೇಕಡಾ ಇದಕ್ಕೆ ತೆಗೆದಿಡಿ ಅಂತ ಅದು ಹೇಳುತ್ತದೆ. ಉದ್ಯಮ ಶುರು ಮಾಡುವ ವಿದ್ಯಾರ್ಥಿ ಓದಿಗೆ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಬಿಡುವು ತೆಗೆದುಕೊಳ್ಳಬಹುದು, ಹಾಜರಿ ಕಡಿಮೆ ಇದ್ದರೂ ಅನುಮತಿಯ ಮೇಲೆ ಪರೀಕ್ಷೆಗೆ ಕೂರಬಹುದು ಅಂತಲೂ ಇದೆ. ಸಭೆಗೆ ಹೋಗುವಾಗ ಅದರ ಪ್ರತಿ ಕೈಯಲ್ಲಿ ಹಿಡಿದು ಹೋಗಿ. ಕಾಗದ ತೋರಿಸಿದರೆ ಮಾತು ಬೇಗ ಮುಗಿಯುತ್ತದೆ.

ಅದೇ ನೀತಿಯಲ್ಲಿ ಕಾಲೇಜು ಕೊಟ್ಟ ಜಾಗ, ಸೌಕರ್ಯಕ್ಕೆ ಬದಲಾಗಿ 2ರಿಂದ 9.5 ಶೇಕಡಾ ಪಾಲು ತೆಗೆದುಕೊಳ್ಳಬಹುದು ಅಂತಿದೆ. ಊರಿನ ಹೆಂಗಸರ ಜೊತೆ ನಡೆಯುವ ಉದ್ಯಮದಲ್ಲಿ ಕಾಲೇಜು ಪಾಲು ಕೇಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡ್ರೈಯರಿನ ವಿನ್ಯಾಸದಲ್ಲಿ ಅವರ ಬುದ್ಧಿಯೂ ಇದೆ. ನಾವು ಅದನ್ನು ಮೊದಲೇ ಬರವಣಿಗೆಯಲ್ಲಿ ಹಾಕಿದೆವು: ವಿನ್ಯಾಸ ಎಲ್ಲರದು, ಯಾರು ಬೇಕಾದರೂ ಕಟ್ಟಿಸಿಕೊಳ್ಳಬಹುದು.

ಯಂತ್ರ ಆಯಿತು, ಉದ್ಯಮ ಆಗುವುದು ಬೇರೆಯೇ ಕತೆ. ಹೊಗೆ ವಾಸನೆ ಇಲ್ಲದ ಸಿಪ್ಪೆ ತೋರಿಸಿದರೆ ಮಂಡಿ ವ್ಯಾಪಾರಿ ಹಳೇ ರೇಟನ್ನೇ ಹೇಳಿದರು. ಅಡುಗೆಗೆ ಕೊಳ್ಳುವವರನ್ನು ನೇರವಾಗಿ ಹುಡುಕಬೇಕಾಯಿತು, ಅದಕ್ಕೆ ಕಾಮರ್ಸ್ ಓದುವ ಹುಡುಗಿಯೊಬ್ಬಳು ಬೇಕಾದಳು. ಹಾಗೆ ಬಂದವಳೇ ಪ್ಯಾಕಿಂಗ್, ಲೆಕ್ಕ, ಆಹಾರ ಪದಾರ್ಥ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ಎಲ್ಲ ನೋಡಿಕೊಂಡಳು. ಸಂಸ್ಥೆಯ ರೂಪ ಏನಿರಬೇಕು ಅಂತ ತುಂಬಾ ಚರ್ಚೆಯಾಯಿತು. ಉತ್ಪಾದಕರ ಕಂಪನಿಗೆ ಕನಿಷ್ಠ ಹತ್ತು ಜನ ಉತ್ಪಾದಕರು ಬೇಕು, ಸೆಕ್ಷನ್ 8 ಕಂಪನಿಯಲ್ಲಿ ಲಾಭ ಹಂಚುವ ಹಾಗಿಲ್ಲ, ಅಂದ ಮೇಲೆ ಸಿಪ್ಪೆ ಸುಲಿದವರಿಗೆ ವರ್ಷದ ಕೊನೆಗೆ ಏನು ಸಿಕ್ಕಂತಾಯಿತು? ಇದಕ್ಕೆ ಪುಸ್ತಕಕ್ಕಿಂತ ಒಳ್ಳೆಯ ಪಾಠ ಹೆಗ್ಗೋಡಿನ ಹತ್ತಿರ ಸಿಕ್ಕಿತು. ಅಲ್ಲಿಯ ಚರಕ, ಹೆಂಗಸರದ್ದೇ ಸಹಕಾರ ಸಂಘ, ಕೈಮಗ್ಗದ ಬಟ್ಟೆಗೆ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದಲೂ ಬಣ್ಣ ಹಾಕಿ ಊರೂರಿಗೆ ಕಳಿಸುತ್ತದೆ. ಹುಡುಗರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಸದಸ್ಯರೇ ಒಡೆಯರು ಅಂದರೆ ಏನು ಅನ್ನುವುದು ಅಲ್ಲಿ ಕಣ್ಣಿಗೆ ಕಂಡಿತು. ನಮ್ಮ ಊರಿನವರು ಸದ್ಯಕ್ಕೆ ಸ್ವಸಹಾಯ ಸಂಘದ ಹೆಸರಲ್ಲೇ ನಡೆಸುತ್ತಿದ್ದಾರೆ, ಡ್ರೈಯರ್ ಬಳಸಿದವರು ಕಿಲೋ ಲೆಕ್ಕದಲ್ಲಿ ಬಾಡಿಗೆ ಕೊಡುತ್ತಾರೆ. ಸಹಕಾರ ಸಂಘ ಮಾಡುವ ಮಾತು ನಡೆದಿದೆ.

ಇಬ್ಬರು ಹುಡುಗರು ಪಾಸಾದ ಮೇಲೂ ಇದರಲ್ಲೇ ಉಳಿದರು. ಮನೆಯವರನ್ನು ಒಪ್ಪಿಸುವುದು ಕಷ್ಟ, ಸುಮ್ನೆ ಮಾತಲ್ಲಿ ಆಗುವುದಿಲ್ಲ. ಒಬ್ಬನ ಅಪ್ಪ "ಸಾರ್, ಒಂದು ವರ್ಷ ಆದ್ಮೇಲೆ ಇವನಿಗೆ ಕೆಲಸ ಯಾರು ಕೊಡ್ತಾರೆ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಮುಂದಿನ ವರ್ಷದ ಕ್ಯಾಂಪಸ್ ಸೆಲೆಕ್ಷನ್‌ಗೆ ಇವರೂ ಕೂರಬಹುದು ಅಂತ ಪ್ಲೇಸ್‌ಮೆಂಟ್ ವಿಭಾಗದಿಂದ ಪತ್ರ ಬರೆಸಿಕೊಟ್ಟೆವು, ವರ್ಕ್‌ಶಾಪ್ ಬಳಸಲು ಅನುಮತಿ ಕೊಟ್ಟೆವು. ಕಾಲೇಜಿಗೆ ಇದರಿಂದ ಒಂದು ಪೈಸೆ ಖರ್ಚಿಲ್ಲ. ಆ ಪತ್ರ ನೋಡಿದ ಮೇಲೆ ಅಪ್ಪ ಒಪ್ಪಿದರು.

ಇನ್ನು ಆಗಬೇಕಾದ್ದು ಒಂದಿದೆ, ಅದು ನನ್ನ ಕೈಯಲ್ಲಿಲ್ಲ. ಆ ಕಾಮರ್ಸ್ ಹುಡುಗಿ ಓದುತ್ತಿದ್ದದ್ದು ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ. ನಮ್ಮ ಹುಡುಗರಿಗೆ ಈ ಕೆಲಸಕ್ಕೆ ಮಾರ್ಕ್ಸ್ ಬಂತು, ಅವಳಿಗೆ ಬರಲಿಲ್ಲ. ಅವಳ ಮೇಷ್ಟ್ರು ಇಂಟರ್ನ್‌ಶಿಪ್ ಅಂತ ಬರೆದುಕೊಂಡು ಹೇಗೋ ಸರಿಹೊಂದಿಸಿದರು. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಇರುವಕ್ಕಿಯಲ್ಲಿ ಕೃಷಿ ತೋಟಗಾರಿಕೆಯದ್ದಿದೆ, ವಿಟಿಯುಗೆ ಸೇರಿದ ನಮ್ಮಂಥ ಕಾಲೇಜುಗಳಿವೆ. ಒಂದೇ ಜಿಲ್ಲೆಯಲ್ಲಿ ಲೆಕ್ಕ ಗೊತ್ತಿರುವವರು, ಬೆಳೆ ಗೊತ್ತಿರುವವರು, ಯಂತ್ರ ಗೊತ್ತಿರುವವರು ಇದ್ದಾರೆ. ಮೂರೂ ಕಡೆಯವರು ಕೂತು, ಒಂದೇ ಊರಿನಲ್ಲಿ ಒಟ್ಟಿಗೆ ಮಾಡಿದ ಕೆಲಸಕ್ಕೆ ಅವರವರ ಸಿಲಬಸ್‌ನಲ್ಲಿ ಕ್ರೆಡಿಟ್ ಕೊಡುತ್ತೇವೆ ಅಂತ ಒಂದು ಒಪ್ಪಂದ ಮಾಡಿಕೊಂಡರೆ ಬರುವ ಮಳೆಗಾಲಕ್ಕೆ ಮಿಶ್ರ ತಂಡವನ್ನೇ ಕಳಿಸಬಹುದು. ನಾನು ಕರಡು ಬರೆದಿಟ್ಟಿದ್ದೇನೆ. ಈ ಮೂರರಲ್ಲಿ ಎಲ್ಲಾದರೂ ಪಾಠ ಮಾಡುವವರು ನೀವಾಗಿದ್ದರೆ ನಿಮ್ಮ ವಿಭಾಗದ ಸಭೆಯಲ್ಲಿ ಈ ವಿಷಯ ಎತ್ತಿ.