ಮೆಟಾಡೇಟಾ ರಿಜಿಸ್ಟ್ರಿ ಶುರು ಮಾಡುವುದು ಹೇಗೆ?
ಮೆಟಾಡೇಟಾ ರಿಜಿಸ್ಟ್ರಿ ಅಂದರೆ ದಾಖಲೆಗಳ ವಿವರ ತುಂಬುವ ಫೀಲ್ಡ್‌ಗಳ (ಶೀರ್ಷಿಕೆ, ದಿನಾಂಕದಂಥ ಕಾಲಂಗಳ) ಹೆಸರು, ಅರ್ಥಗಳನ್ನು ಒಂದೇ ಕಡೆ ಬರೆದಿಡುವ ಪಟ್ಟಿ. ಇದಕ್ಕೆ ಮೊದಲೇ ಸಾಫ್ಟ್‌ವೇರ್ ಹುಡುಕಬೇಡಿ. ಈಗ ಬಳಸುತ್ತಿರುವ ಫೀಲ್ಡ್‌ಗಳನ್ನೆಲ್ಲ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಹೆಸರು, ಎಂದೂ ಬದಲಾಗದ ಐಡಿ, ಅರ್ಥ, ಯಾರ ಹೊಣೆ ಎಂಬುದು ಇರಲಿ. ಅರ್ಥ ಬರೆಯುವುದೇ ಕಷ್ಟ, ಅದಕ್ಕೇ ಜಾಸ್ತಿ ಸಮಯ ಕೊಡಿ: ಸುಮ್ನೆ ‘ದಿನಾಂಕ’ ಅಂತ ಬರೆದರೆ ಅದು ದಾಖಲೆ ಬರೆದ ದಿನವೋ, ಪ್ರಕಟವಾದ ದಿನವೋ, ಆಮೇಲೆ ತಿದ್ದಿದ ದಿನವೋ ಅಂತ ಬೇರೆಯವರಿಗೆ ಗೊತ್ತಾಗುವುದಿಲ್ಲ, ಅಲ್ವಾ? ಇನ್ನು ದಿನಾಂಕವನ್ನು ಯಾವ ರೀತಿ ಬರೆಯಬೇಕು ಎಂಬುದಕ್ಕೆ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ.

ಹೊಸ ಫೀಲ್ಡ್ ಹುಟ್ಟಿಸುವ ಮೊದಲು ಡಬ್ಲಿನ್ ಕೋರ್ ಎಂಬ, ಎಲ್ಲರೂ ಬಳಸಬಹುದಾದ ಸಿದ್ಧ ಫೀಲ್ಡ್ ಪಟ್ಟಿಯ 15 ಅಂಶಗಳನ್ನು ನೋಡಿ, ಬೇಕಾದ್ದು ಅಲ್ಲೇ ಸಿಗಬಹುದು. ರಿಜಿಸ್ಟ್ರಿಯ ರಚನೆಗೇ ಐಎಸ್‌ಒ/ಐಇಸಿ 11179 ಎಂಬ ಮಾನದಂಡವಿದೆ. ಪೂರ್ತಿ ಪಾಲಿಸಲು ಆಗದಿದ್ದರೂ ಒಮ್ಮೆ ಓದಿ.

ಹಳೆಯ ಫೀಲ್ಡನ್ನು ದಯವಿಟ್ಟು ಅಳಿಸಬೇಡಿ. ‘ಬಳಕೆಯಲ್ಲಿಲ್ಲ’ ಅಂತ ಗುರುತು ಹಾಕಿ, ಅದರ ಬದಲಿಗೆ ಬಂದದ್ದಕ್ಕೆ ಲಿಂಕ್ ಕೊಡಿ.