ದಾಳ ಉರುಳಿಸಿ ಜಲಚಕ್ರ ಕಲಿಸಿದ್ದು

ಬೆಂಗಳೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ಆಟದಲ್ಲಿ ಪಾಠ ಅಂತ ನಾನು ಮೊದಲು ಮಾಡಿದ್ದು ಹಾವು-ಏಣಿ. ಸರಿ ಉತ್ತರಕ್ಕೆ ಏಣಿ, ತಪ್ಪಿದರೆ ಹಾವು. ಓದಿಕೊಂಡು ಬಂದ ನಾಲ್ಕು ಮಕ್ಕಳು ಗೆದ್ದರು, ಉಳಿದವರು ಆಕಳಿಸಿದರು. ಪರೀಕ್ಷೆಗೇ ಆಟದ ವೇಷ ಹಾಕಿದ್ದೆ, ಅಷ್ಟೇ.

ಆಮೇಲೆ ಪಾಠದ ವಿಷಯವನ್ನೇ ಆಟದ ನಿಯಮ ಮಾಡಿ ನೋಡೋಣ ಅನ್ನಿಸಿತು. ಜಲಚಕ್ರಕ್ಕೆ ಅಂಗಳದಲ್ಲಿ ಆರು ಮನೆ ಬರೆದೆ: ಸಮುದ್ರ, ಮೋಡ, ನೆಲ, ಕೆರೆ, ಗಿಡ, ಅಂತರ್ಜಲ. ಪ್ರತಿ ಮಗುವೂ ಒಂದು ಹನಿ. ಒಂದೊಂದು ಮನೆಗೂ ರಟ್ಟಿನ ದಾಳ, ಒಂದು ಬಣ್ಣದ ಮಣಿ. ಪ್ರತಿ ಸರದಿಗೂ ನಿಂತ ಮನೆಯ ಮಣಿ ದಾರಕ್ಕೆ ಪೋಣಿಸಿಕೊಂಡು ದಾಳ ಹಾಕಬೇಕು, ಅದು ಹೇಳಿದ ಕಡೆ ಹೋಗಬೇಕು. ಸಮುದ್ರದ ದಾಳದಲ್ಲಿ ಐದು ಮುಖಕ್ಕೆ 'ಇಲ್ಲೇ ಇರು', ಒಂದಕ್ಕೆ ಮಾತ್ರ 'ಮೋಡಕ್ಕೆ ಹೋಗು' ಅಂತ ಬರೆದಿದ್ದೆ.

ಹತ್ತು ನಿಮಿಷಕ್ಕೆ ಒಬ್ಬ ಹುಡುಗ ದಾರ ಎತ್ತಿ ಹಿಡಿದು ಬಂದ. ಸಾಲಾಗಿ ಒಂಬತ್ತು ನೀಲಿ ಮಣಿ. "ಮಿಸ್, ಇದು ಮೋಸ, ನಾನು ಬರೀ ಸಮುದ್ರದಲ್ಲೇ ಇದ್ದೀನಿ!" ಭೂಮಿಯ ನೀರಿನಲ್ಲಿ ನೂರಕ್ಕೆ ಸುಮಾರು 97 ಪಾಲು ಸಮುದ್ರದಲ್ಲೇ ಇದೆ ಅಂತ ಹೇಳೋಕೆ ಅದಕ್ಕಿಂತ ಒಳ್ಳೆ ಹೊತ್ತು ಎಲ್ಲಿ ಸಿಗಬೇಕು! ಹಿಂದಿನ ವರ್ಷ ಅದೇ ಅಂಕಿ ಬೋರ್ಡಿನ ಮೇಲೆ ಬರೆದಿದ್ದೆ, ಯಾರೂ ತಲೆ ಎತ್ತಿರಲಿಲ್ಲ.

ಗಲಾಟೆ ಜಾಸ್ತಿ ಆಗುತ್ತೆ, ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಬಿಡಿ. ಮಣಿ ಖಾಲಿಯಾದರೆ ಬಣ್ಣದ ಕಾಗದದ ಚೂರು ಸಾಕು.

ಎರಡನೇ ವಾರ ಒಬ್ಬಳು ಕೇಳಿದಳು: "ನಮ್ಮ ಬೀದಿ ಪೂರ್ತಿ ಸಿಮೆಂಟು, ಹನಿ ಒಳಗೆ ಹೇಗೆ ಹೋಗುತ್ತೆ ಮಿಸ್?" ನೆಲದ ದಾಳದಲ್ಲಿ ಎರಡು ಮುಖ ಅಂತರ್ಜಲಕ್ಕೆ ಹೋಗುತ್ತಿದ್ದವು. ಮಕ್ಕಳೇ ಅದರ ಮೇಲೆ ಕಾಗದ ಅಂಟಿಸಿ 'ರಾಜಕಾಲುವೆ' ಅಂತ ಬರೆದು, ಅಂತರ್ಜಲದ ಪಕ್ಕ ಬೋರ್‌ವೆಲ್, ಟ್ಯಾಂಕರ್ ಅಂತ ಇನ್ನೆರಡು ಮನೆ ಎಳೆದರು. ಆಟ ಮತ್ತೆ ಶುರುವಾಯಿತು. ಅಂತರ್ಜಲದಲ್ಲಿ ನಿಂತಿದ್ದವರೆಲ್ಲ ಒಬ್ಬೊಬ್ಬರಾಗಿ ಬೋರ್‌ವೆಲ್ ಹತ್ತಿ ಟ್ಯಾಂಕರ್ ಸೇರಿದರು, ಕೆಳಗೆ ಹೊಸಬರು ಯಾರೂ ಇಳಿಯಲಿಲ್ಲ. ಖಾಲಿ ಮನೆಯ ಪಕ್ಕ ನಿಂತು ಕಾಯುತ್ತಿದ್ದವಳು ಕೂಗಿದಳು, "ಮಿಸ್, ಬೋರ್ ಬತ್ತೋಯ್ತು!"