ಬಟವಾಡೆ ಮ್ಯಾಕ್ರೋಗಳಿಗೆ ಒಂದೇ ಮನೆ

ಚಿಕ್ಕಮಗಳೂರಿನಲ್ಲಿ ನಾವು ನಾಲ್ಕು ಜನ ಸೇರಿ ಕಾಫಿ ತೋಟಗಳ ಲೆಕ್ಕ ಬರೆಯುತ್ತೇವೆ. ಆಲ್ದೂರು, ಮಲ್ಲಂದೂರು, ಮೂಡಿಗೆರೆ ಕಡೆಯ ತೋಟಗಳು. ಚೆಕ್‌ರೋಲ್ (ಕೂಲಿಯವರ ಹಾಜರಿ, ಕೆಲಸ ಬರೆಯುವ ಪಟ್ಟಿ), ಬಟವಾಡೆ ಅಂದರೆ ಕೂಲಿ ಹಂಚಿಕೆ, ಮುಂಗಡ, ಚೀಲದ ಲೆಕ್ಕ, ಎಲ್ಲವೂ ಎಕ್ಸೆಲ್‌ನಲ್ಲೇ. ವಾರವಾರವೂ ಬರುವ ಕೆಲಸ ಅಂತ ಮ್ಯಾಕ್ರೋ, ಅಂದರೆ ಎಕ್ಸೆಲ್‌ನಲ್ಲಿ ಅದನ್ನು ತಾನಾಗಿಯೇ ಮಾಡುವ ಚಿಕ್ಕ ಪ್ರೋಗ್ರಾಂ, ಬರೆದುಕೊಂಡಿದ್ದೆವು. ಒಬ್ಬೊಬ್ಬರ ಫೈಲಿನಲ್ಲಿ ಒಂದೊಂದು ಪ್ರತಿ. ತೊಂದರೆ ಶುರುವಾಗಿದ್ದು ಅಲ್ಲೇ.

ರೊಬಸ್ಟಾ ಕೊಯ್ಲಿನ ಸಮಯ. ಅಕ್ಕ ಮೇಲಿನ ತೋಟದಲ್ಲಿ, ತಂಗಿ ಕೆಳಗಿನ ತೋಟದಲ್ಲಿ ಹಣ್ಣು ಕೊಯ್ದಿದ್ದರು. ಇಬ್ಬರದೂ ಅವತ್ತು ಎಂಬತ್ತೆರಡೂವರೆ ಕೆಜಿ. ಕೆಜಿಗೆ 5 ರೂಪಾಯಿಯಂತೆ 412 ರೂಪಾಯಿ 50 ಪೈಸೆ. ಅಕ್ಕನಿಗೆ 413 ಬಂತು, ತಂಗಿಗೆ 412. ಬಟವಾಡೆ ದಿನ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದರು. "ಮೇಡಂ, ಒಂದೇ ತೂಕ, ಒಂದೇ ರೇಟು, ನಂಗೆ ಯಾಕೆ ಒಂದ್ರೂಪಾಯಿ ಕಮ್ಮಿ ಅಂತ ಕೇಳ್ತಿದಾರೆ. ಏನ್ ಹೇಳ್ಲಿ?"

ನ್ಯಾಯವಾದ ಪ್ರಶ್ನೆ. ಹುಡುಕಿದಾಗ ಗೊತ್ತಾಯಿತು: ಮೇಲಿನ ತೋಟದ ಹಾಳೆಯಲ್ಲಿ ಪೈಸೆ ಬಿಟ್ಟು ಪೂರ್ತಿ ರೂಪಾಯಿಗೆ ತರುವ ಎಕ್ಸೆಲ್‌ನ ರೌಂಡ್ ಸೂತ್ರ ಇತ್ತು. ಕೆಳಗಿನದರಲ್ಲಿ ಮ್ಯಾಕ್ರೋ, ಅದರೊಳಗೆ ಮ್ಯಾಕ್ರೋ ಬರೆಯುವ ವಿಬಿಎ ಭಾಷೆಯ ರೌಂಡ್. ಹೆಸರು ಒಂದೇ, ಲೆಕ್ಕ ಬೇರೆ. ಹಾಳೆಯ ರೌಂಡ್‌ಗೆ ಐವತ್ತು ಪೈಸೆ ಸಿಕ್ಕರೆ ಮುಂದಿನ ರೂಪಾಯಿಗೇ ಏರಿಸುತ್ತದೆ. ವಿಬಿಎ ರೌಂಡ್ ಹತ್ತಿರದ ಸಮಸಂಖ್ಯೆ ಹಿಡಿಯುತ್ತದೆ. 412.50 ಇದ್ದರೆ 412, 413.50 ಇದ್ದರೆ 414. ಮ್ಯಾಕ್ರೋದಲ್ಲಿ 'ವರ್ಕ್‌ಶೀಟ್‌ಫಂಕ್ಷನ್ ಡಾಟ್ ರೌಂಡ್' ಅಂತ ಬರೆದರೆ ಹಾಳೆಯ ರೌಂಡ್ ಕೊಡುವ ಉತ್ತರವೇ ಬರುತ್ತದೆ.

ಸರಿ ಮಾಡಿದೆ. ಆದರೆ ಅದೇ ಮ್ಯಾಕ್ರೋ ಇನ್ನೂ ಐದು ಫೈಲುಗಳಲ್ಲಿ ಕೂತಿತ್ತು. ಮುಂದಿನ ವಾರ ಬೇರೆ ತೋಟದಿಂದ ಅದೇ ಫೋನ್. ಹಳೆಯ ಚೆಕ್‌ರೋಲ್‌ಗಳನ್ನೆಲ್ಲ ತೆಗೆದು, ಯಾರ್ಯಾರಿಗೆ ಎಷ್ಟು ಕಮ್ಮಿ ಬಿದ್ದಿದೆ ಅಂತ ಕೂಡಿಸಿ ಕೊಡಿಸಿದೆವು. ಆಮೇಲೆ ಮ್ಯಾಕ್ರೋಗಳಿಗೆ ಒಂದೇ ಮನೆ ಮಾಡಿದೆವು. ಹೇಗೆ ಅಂತ ಹೇಳುತ್ತೇನೆ.

ಮೊದಲು ಎಲ್ಲವನ್ನೂ ಹೊರಗೆ ತೆಗೆಯಿರಿ. ಆಲ್ಟ್ ಒತ್ತಿ ಹಿಡಿದು ಎಫ್11 ಒತ್ತಿದರೆ ವಿಬಿಎ ಕಿಟಕಿ ತೆರೆಯುತ್ತದೆ. ಮ್ಯಾಕ್ರೋ ಬರೆದಿಟ್ಟ ಪುಟಕ್ಕೆ ಮಾಡ್ಯೂಲ್ ಅನ್ನುತ್ತಾರೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಫೈಲ್ ಕೊಟ್ಟರೆ ಡಾಟ್ ಬಾಸ್ ಫೈಲ್ ಆಗಿ ಉಳಿಯುತ್ತದೆ. ಅದು ಬರೀ ಪಠ್ಯ, ನೋಟ್‌ಪ್ಯಾಡ್‌ನಲ್ಲೂ ಓದಬಹುದು. ನಮ್ಮಲ್ಲಿ ಬಟವಾಡೆಯ ಒಂದೇ ಮ್ಯಾಕ್ರೋ ಆರು ರೂಪದಲ್ಲಿ ಸಿಕ್ಕಿತು.

ಮ್ಯಾಕ್ರೋಗಳ ಆ ಒಂದೇ ಮನೆಗೆ ಲೈಬ್ರರಿ ಅನ್ನೋಣ. ಎಲ್ಲವನ್ನೂ ಲೈಬ್ರರಿಗೆ ಹಾಕಬೇಡಿ. ಕನಿಷ್ಠ ಎರಡು ತೋಟಕ್ಕೆ ಬೇಕಾದದ್ದನ್ನು ಮಾತ್ರ ಹಾಕಿ. ಹಾಗೆ ಹಾಕುವಾಗ ಅದರೊಳಗಿರುವ ತೋಟದ ಹೆಸರು, ಕೂಲಿ ರೇಟು, ಚೀಲದ ತೂಕ ಎಲ್ಲ ತೆಗೆದುಬಿಡಿ. ಅವು ಆಯಾ ತೋಟದ ಹಾಳೆಯಲ್ಲಿರಲಿ, ಮ್ಯಾಕ್ರೋ ಅಲ್ಲಿಂದ ಕೇಳಿ ತೆಗೆದುಕೊಳ್ಳಲಿ. ರೇಟು ಪ್ರತಿ ಕೊಯ್ಲಿಗೂ ಬದಲಾಗುತ್ತದೆ. ಅದಕ್ಕೋಸ್ಕರ ಕೋಡ್ ಮುಟ್ಟುವ ಹಾಗಿರಬಾರದು.

ಪ್ರತಿ ಮಾಡ್ಯೂಲಿನ ಮೊದಲ ಸಾಲು ಆಪ್ಷನ್ ಎಕ್ಸ್‌ಪ್ಲಿಸಿಟ್ ಆಗಿರಲಿ. ಕೋಡ್‌ನಲ್ಲಿ ಬಳಸಿದ ಹೆಸರಿನ ಸ್ಪೆಲಿಂಗ್ ತಪ್ಪಿದರೆ ಅಲ್ಲೇ ತಡೆಯುತ್ತದೆ. ಸಾಲು ಎಣಿಸಲು ಇಂಟೀಜರ್ ಎಂಬ ಚಿಕ್ಕ ಸಂಖ್ಯೆಯ ಬಗೆ ಬೇಡ, ಲಾಂಗ್ ಎಂಬ ದೊಡ್ಡದನ್ನು ಬಳಸಿ. ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲು ಇವೆ, ಇಂಟೀಜರ್ 32,767ಕ್ಕೇ ನಿಲ್ಲುತ್ತದೆ. ವರ್ಷದ ಚೆಕ್‌ರೋಲ್ ಒಟ್ಟು ಮಾಡಿದರೆ ಅದನ್ನು ದಾಟುವುದು ಸುಲಭ, ಅಲ್ವಾ?

ಈಗ ಹೊಸ ಫೈಲಿನಲ್ಲಿ ಮಾಡ್ಯೂಲ್‌ಗಳನ್ನು ಇಂಪೋರ್ಟ್ ಮಾಡಿ ಎಕ್ಸೆಲ್ ಆಡ್-ಇನ್ (ಯಾವ ಫೈಲ್ ತೆರೆದಿದ್ದರೂ ಬಳಸಲು ಸಿಗುವ ಮ್ಯಾಕ್ರೋ ಫೈಲ್) ಆಗಿ ಸೇವ್ ಮಾಡಿ. ಡಾಟ್ ಎಕ್ಸ್‌ಎಲ್‌ಎಎಂ ಫೈಲ್ ಅಂದರೆ ಅದೇ. ಇಲ್ಲಿ ಒಂದು ವಿಷಯ ಗಮನಿಸಿ. ಆಡ್-ಇನ್ ಒಳಗಿನ ಕೋಡ್‌ನಲ್ಲಿ ದಿಸ್‌ವರ್ಕ್‌ಬುಕ್ ಅಂದರೆ ಆಡ್-ಇನ್ ಫೈಲೇ, ನಿಮ್ಮ ಎದುರಿರುವ ಚೆಕ್‌ರೋಲ್ ಅಲ್ಲ. ಹಳೆಯ ಮ್ಯಾಕ್ರೋಗಳು ಎಡವುವುದು ಜಾಸ್ತಿ ಇಲ್ಲೇ. ಯಾವ ವರ್ಕ್‌ಬುಕ್ ಮೇಲೆ ಕೆಲಸ ಅನ್ನುವುದನ್ನು ಕರೆಯುವಾಗಲೇ ಕೊಡುವ ಹಾಗೆ ಬರೆಯಿರಿ.

ಫೈಲನ್ನು ಆಫೀಸಿನ ಒಂದೇ ಕಂಪ್ಯೂಟರಿನ ಶೇರ್ಡ್ ಫೋಲ್ಡರಿನಲ್ಲಿಡಿ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ನಂಬುವ ಹಾಗಿಲ್ಲ, ಹಾಗಾಗಿ ಯುಪಿಎಸ್ ಇರುವ ಕಂಪ್ಯೂಟರಿಗೇ ಆ ಕೆಲಸ. ಉಳಿದವರು ಆಡ್-ಇನ್ಸ್ ಪಟ್ಟಿಯಲ್ಲಿ ಬ್ರೌಸ್ ಕೊಟ್ಟು ಅದನ್ನು ಸೇರಿಸಿಕೊಳ್ಳಬೇಕು. ಆಗ ಎಕ್ಸೆಲ್, ನಿಮ್ಮ ಆಡ್-ಇನ್ಸ್ ಫೋಲ್ಡರಿಗೆ ಕಾಪಿ ಮಾಡಲಾ ಎಂದು ಕೇಳಬಹುದು. ನೋ ಅನ್ನಿ. ಯೆಸ್ ಅಂದರೆ ಮತ್ತೆ ಒಬ್ಬೊಬ್ಬರ ಹತ್ತಿರ ಒಂದೊಂದು ಪ್ರತಿ, ಮತ್ತೆ ಹಳೆಯ ಕಥೆ. ಫೈಲಿನ ಪ್ರಾಪರ್ಟೀಸ್‌ನಲ್ಲಿ ರೀಡ್-ಓನ್ಲಿ ಟಿಕ್ ಹಾಕಿಡಿ. ಟ್ರಸ್ಟ್ ಸೆಂಟರಿನಲ್ಲಿ ಆ ಫೋಲ್ಡರನ್ನು ಟ್ರಸ್ಟೆಡ್ ಲೊಕೇಶನ್ ಮಾಡಿ. ಮೇಲ್‌ನಲ್ಲಿ ಬಂದ ಮ್ಯಾಕ್ರೋ ಫೈಲುಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತದೆ. ಯಾರು ಕಳಿಸಿದ್ದು ಅಂತ ಗೊತ್ತಿಲ್ಲದ ಫೈಲಿಗೆ ಆ ತಡೆ ತೆಗೆಯಬೇಡಿ.

ಕನ್ನಡದ ಮಾತು. ವಿಬಿಎ ಕಿಟಕಿಯಲ್ಲಿ 'ಬಟವಾಡೆ' ಅಂತ ಟೈಪ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಒಂದೊಂದು ಅಕ್ಷರಕ್ಕೂ ಸಂಖ್ಯೆ ಕೊಟ್ಟು ಬರೆಯಬಹುದು, 'ಕ'ಗೆ 3221 ಇದ್ದ ಹಾಗೆ. ಓದುವವರಿಗೆ ಅದು ಹಿಂಸೆ. ಆಡ್-ಇನ್ ಒಳಗೂ ಹಾಳೆಗಳಿರುತ್ತವೆ, ಕಾಣುವುದಿಲ್ಲ ಅಷ್ಟೇ. ಕನ್ನಡ ಪದಗಳನ್ನೆಲ್ಲ ಆ ಹಾಳೆಯಲ್ಲಿ ಬರೆದಿಟ್ಟು ಕೋಡ್ ಅಲ್ಲಿಂದ ಓದುವ ಹಾಗೆ ಮಾಡಿ. ಇಲ್ಲಿ ದಿಸ್‌ವರ್ಕ್‌ಬುಕ್ಕೇ ಸರಿ. ಕೂಲಿ ಚೀಟಿ ಕನ್ನಡದಲ್ಲೇ ಇರಬೇಕು. ಓದುವವರು ಕೂಲಿ ಮಾಡಿದವರು.

ಇನ್ನು ನೋಡಿಕೊಳ್ಳುವುದು. ಬದಲಾಯಿಸುವ ಕೈ ಒಂದೇ ಇರಲಿ. ನಮ್ಮಲ್ಲಿ ಈಗ ಅದು ನನ್ನದು. ಉಳಿದವರು ತಪ್ಪು ಕಂಡರೆ ಗೋಡೆಗೆ ನೇತುಹಾಕಿದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ: ತಾರೀಕು, ಯಾವ ತೋಟ, ಏನು ಬರಬೇಕಿತ್ತು, ಏನು ಬಂತು. ಹೊಸ ಪ್ರತಿ ಇಡುವ ಮೊದಲು ಪರೀಕ್ಷೆ ಹಾಳೆ ಓಡಿಸುತ್ತೇನೆ. ಅದರಲ್ಲಿ ಉತ್ತರ ಗೊತ್ತಿರುವ ಲೆಕ್ಕಗಳಿವೆ. ಮೊದಲನೆಯದು 412.50, ಉತ್ತರ 413. ಹಾಳೆಯ ಖಾಲಿ ಸೆಲ್, ಸೊನ್ನೆ, ತೂಕದ ಜಾಗದಲ್ಲಿ 'ರಜೆ' ಅಂತ ಬರೆದದ್ದು, ಇವೂ ಇವೆ. ರೈಟರ್‌ಗಳು ಹಾಗೆ ಬರೆದೇ ಬರೆಯುತ್ತಾರೆ, ಮ್ಯಾಕ್ರೋ ಅದಕ್ಕೆ ತಯಾರಿರಬೇಕು.

ಮ್ಯಾಕ್ರೋಗಳ ಹಳೆಯ ಹೆಸರು ಅಳಿಸಬೇಡಿ. ಮ್ಯಾಕ್ರೋ ಹೊಸದಾಗಿ ಏನಾದರೂ ಮಾಹಿತಿ ಕೇಳಬೇಕಿದ್ದರೆ ಕೊನೆಯಲ್ಲಿ ಆಪ್ಷನಲ್ (ಕೊಡದಿದ್ದರೂ ನಡೆಯುವಂಥದ್ದು) ಆಗಿ ಸೇರಿಸಿ, ಹಳೆಯ ಫೈಲುಗಳು ಮೊದಲಿನಂತೆ ನಡೆಯುತ್ತವೆ. ಹಾಳೆ ತಿದ್ದುವ ಮ್ಯಾಕ್ರೋ ಓಡಿದ ಮೇಲೆ ಅನ್‌ಡೂ ಕೆಲಸ ಮಾಡುವುದಿಲ್ಲ. ಅದಕ್ಕೆ ನಮ್ಮ ಬಟವಾಡೆ ಮ್ಯಾಕ್ರೋ ಮೊದಲು ಚೆಕ್‌ರೋಲಿನ ಒಂದು ಪ್ರತಿ ತೆಗೆದಿಟ್ಟು, ಆಮೇಲೆ ಕೆಲಸ ಶುರು ಮಾಡುತ್ತದೆ.

ಪ್ರತಿ ಬದಲಾವಣೆಯ ದಿನ ಡಾಟ್ ಬಾಸ್ ಫೈಲುಗಳನ್ನು ತಾರೀಕಿನ ಹೆಸರಿನ ಫೋಲ್ಡರಿನಲ್ಲಿ ಹಾಕಿ, ಅದರ ಪೆನ್‌ಡ್ರೈವ್ ಪ್ರತಿಯನ್ನು ಮನೆಗೆ ಒಯ್ಯುತ್ತೇನೆ. ನಾನು ರಜೆಯಲ್ಲಿದ್ದರೆ ಪಕ್ಕದ ಟೇಬಲ್ಲಿನ ಹುಡುಗಿ ನೋಡಿಕೊಳ್ಳುತ್ತಾಳೆ. ಕಳೆದ ಕೊಯ್ಲಿನಲ್ಲಿ ಎರಡು ಸಲ ಅವಳೇ ತಿದ್ದಿ, ಪರೀಕ್ಷೆ ಓಡಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು.